ವಿಂಡೋಸ್ 11ಕ್ಕೆ ನಿಮ್ಮ ಹಳೇ ಕಂಪ್ಯೂಟರ್ ಸಾಕಾಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲಿಂದ ರಾಜಾಜಿನಗರದ ನಮ್ಮ ಸರ್ವಿಸ್ ಅಂಗಡಿಗೆ ಬರುವವರು ಹೆಚ್ಚಾಗಿ ಕೇಳುವುದು ಒಂದೇ ಮಾತು: "ಇದಕ್ಕೆ ಹನ್ನೊಂದು ಹಾಕಬಹುದಾ, ಇಲ್ಲ ಹೊಸದೇ ತಗೋಬೇಕಾ?"

ಪರೀಕ್ಷೆ ಮಾಡದೆಯೇ ಹೊಸ ಲ್ಯಾಪ್‌ಟಾಪಿಗೆ ದುಡ್ಡು ಹಾಕುವವರನ್ನು ನೋಡುತ್ತೇವೆ. ವಿಂಡೋಸ್ 11 ಒಪ್ಪದ ಮಷೀನಿಗೆ ರ‍್ಯಾಮ್ ಹಾಕಿಸಿಕೊಂಡು ಬರುವವರನ್ನೂ ನೋಡುತ್ತೇವೆ. ಎರಡೂ ಬೇಡ. ಮೊದಲು ಪ್ರೊಸೆಸರ್ ಯಾವುದು ಅಂತ ನೋಡಿ. ಅದು ಪಾಸಾದರೆ ಉಳಿದದ್ದನ್ನೆಲ್ಲ ಬಹುಪಾಲು ಸರಿ ಮಾಡಬಹುದು. ಅದು ಫೇಲಾದರೆ ವಿಂಡೋಸ್ 11ರ ಹೆಸರಿನಲ್ಲಿ ಆ ಮಷೀನಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬೇರೆ ದಾರಿಗಳಿವೆ, ಕೆಳಗೆ ಬರೆದಿದ್ದೇವೆ.

ವಿಂಡೋಸ್ 10 ಈಗಲೂ ಚೆನ್ನಾಗಿ ಓಡುತ್ತಿದೆ. ಬದಲಾಯಿಸಲೇಬೇಕಾ?

ಓಡುವುದು ನಿಲ್ಲುವುದಿಲ್ಲ. ಆದರೆ ಹೊಸದಾಗಿ ಸಿಕ್ಕುವ ಭದ್ರತಾ ದೋಷಗಳಿಗೆ ಮಾಮೂಲಿಯಾಗಿ ತೇಪೆ ಬರುವುದು ನಿಂತಿದೆ (ಕೆಳಗೆ ಹೇಳಿರುವ ವಿಸ್ತರಿಸಿದ ಯೋಜನೆಗೆ ಸೇರಿದವರನ್ನು ಬಿಟ್ಟು). ಇವತ್ತು ಏನೂ ಆಗದಿರಬಹುದು, ದಿನ ಕಳೆದಂತೆ ಅಪಾಯ ಜಾಸ್ತಿ ಆಗುತ್ತಾ ಹೋಗುತ್ತದೆ. ಅದರಲ್ಲೂ ನೆಟ್‌ಬ್ಯಾಂಕಿಂಗ್, ಜಿಎಸ್‌ಟಿ, ಕಚೇರಿ ಕೆಲಸ ಮಾಡುವ ಮಷೀನನ್ನು ಹಾಗೇ ಬಿಡಬೇಡಿ.

"ಡಿಫೆಂಡರ್ ಅಪ್‌ಡೇಟ್ ಬರ್ತಾನೇ ಇದೆಯಲ್ಲ" ಅಂತ ಕೆಲವರು ಹೇಳುತ್ತಾರೆ. ಡಿಫೆಂಡರ್ ಅಂದರೆ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್. ನಿಜ, ವೈರಸ್ ಗುರುತಿಸುವ ಮಾಹಿತಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ. ಆದರೆ ಅದು ವೈರಸ್ ಹಿಡಿಯುವ ಕೆಲಸ. ವಿಂಡೋಸ್ ಒಳಗಿನ ತೂತನ್ನು ಅದು ಮುಚ್ಚುವುದಿಲ್ಲ.

ಮೈಕ್ರೋಸಾಫ್ಟ್ ಕೇಳುವ ಕನಿಷ್ಠ ಹಾರ್ಡ್‌ವೇರ್ ಏನು?

1 ಗಿಗಾಹರ್ಟ್ಸ್ ಅಥವಾ ಹೆಚ್ಚು ವೇಗದ, ಕನಿಷ್ಠ 2 ಕೋರ್ ಇರುವ 64 ಬಿಟ್ ಪ್ರೊಸೆಸರ್. ಅದು ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಮೈಕ್ರೋಸಾಫ್ಟ್ ಪಟ್ಟಿಯಲ್ಲಿರಬೇಕು. 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್. ಸೆಕ್ಯೂರ್ ಬೂಟ್ ಬೆಂಬಲಿಸುವ ಯುಇಎಫ್‌ಐ, ಟಿಪಿಎಂ 2.0 (ಇವೇನು ಅಂತ ಕೆಳಗೆ ಹೇಳಿದ್ದೇವೆ). ಡೈರೆಕ್ಟ್‌ಎಕ್ಸ್ 12 ಬಲ್ಲ ಗ್ರಾಫಿಕ್ಸ್. 9 ಇಂಚಿಗಿಂತ ದೊಡ್ಡದಾದ, 720ಪಿ ಪರದೆ. ಮೊದಲ ಸಲ ಸೆಟಪ್ ಮಾಡುವಾಗ ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ.

ಈ ಪಟ್ಟಿ ಓದಿದರೆ ಹತ್ತು ವರ್ಷದ ಹಳೇ ಮಷೀನೂ ಪಾಸಾಗುತ್ತೆ ಅನಿಸುತ್ತದೆ, ಅಲ್ವಾ? "ಪಟ್ಟಿಯಲ್ಲಿರಬೇಕು" ಅನ್ನುವ ಆ ಒಂದು ಮಾತಿನಲ್ಲೇ ಹೆಚ್ಚಿನ ಮಷೀನುಗಳು ಸಿಕ್ಕಿಬೀಳುವುದು.

ಪ್ರೊಸೆಸರ್ ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ?

ಸುಲಭದ ದಾರಿ, ಮೈಕ್ರೋಸಾಫ್ಟ್‌ನವರದೇ "ಪಿಸಿ ಹೆಲ್ತ್ ಚೆಕ್" ಆ್ಯಪ್. ಉಚಿತ. ಹಾಕಿ, "ಚೆಕ್ ನೌ" ಒತ್ತಿ. ಯಾವುದು ಪಾಸ್, ಯಾವುದು ಫೇಲ್ ಅಂತ ಒಂದೊಂದಾಗಿ ತೋರಿಸುತ್ತದೆ. ಬರೀ "ಈ ಪಿಸಿಗೆ ಆಗಲ್ಲ" ಅನ್ನುವ ಸಾಲು ನೋಡಿ ಮುಚ್ಚಬೇಡಿ. ಕೆಳಗೆ ಎಲ್ಲ ಫಲಿತಾಂಶ ನೋಡುವ ಬಟನ್ ಇದೆ, ಅದನ್ನು ಒತ್ತಿ. ಕಾರಣ ಪ್ರೊಸೆಸರ್ರೋ, ಬರೀ ಒಂದು ಸೆಟ್ಟಿಂಗೋ ಅನ್ನುವುದು ಅಲ್ಲೇ ಗೊತ್ತಾಗುವುದು.

ಆ್ಯಪ್ ಬೇಡವೆಂದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ "ಸಿಸ್ಟಮ್" ತೆರೆಯಿರಿ. ಪ್ರೊಸೆಸರ್ ಅನ್ನುವ ಸಾಲು ಓದಿ. ಇಂಟೆಲ್ ಆದರೆ ಐ3, ಐ5, ಐ7 ಆದ ಮೇಲೆ ಬರುವ ಸಂಖ್ಯೆ ಮುಖ್ಯ. ಐ5-7200ಯು ಅಂದರೆ 7ನೇ ತಲೆಮಾರು, ಆಗಲ್ಲ. ಐ5-8250ಯು ಅಂದರೆ 8ನೇ ತಲೆಮಾರು, ಆಗುತ್ತದೆ. ಐ5-1035ಜಿ1 ಅಂದರೆ ಶುರುವಿನ 10 ನೋಡಿ, ಅದು 10ನೇ ತಲೆಮಾರು. ಸುಮಾರಾಗಿ 8ರಿಂದ ಮೇಲಿನದೆಲ್ಲ ಪಾಸ್. 7ನೇ ತಲೆಮಾರಿನಲ್ಲಿ ಕೋರ್ ಎಕ್ಸ್ ಸರಣಿ, ಐ7-7820ಎಚ್‌ಕ್ಯೂ ಇರುವ ಕೆಲವು ಮಷೀನುಗಳು, ಇಷ್ಟಕ್ಕೆ ಮಾತ್ರ ರಿಯಾಯಿತಿ.

ಕೊಂಡ ವರ್ಷ ನೋಡಿ ತೀರ್ಮಾನ ಮಾಡಬೇಡಿ. ಇಂಟೆಲ್‌ನ 8ನೇ ತಲೆಮಾರು ಬಂದಿದ್ದು 2017ರ ಆಗಸ್ಟಿನಲ್ಲಿ. ಆಮೇಲೂ ಬಹಳ ದಿನ 7ನೇ ತಲೆಮಾರಿನ ಸ್ಟಾಕ್ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಹಾಗಾಗಿ 2018ರಲ್ಲಿ ಒಂದೇ ಅಂಗಡಿಯಲ್ಲಿ ಕೊಂಡ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಪಾಸಾಗಿ, ಇನ್ನೊಂದು ಫೇಲಾಗಬಹುದು. ಕೀಬೋರ್ಡ್ ಪಕ್ಕದ ಸ್ಟಿಕರನ್ನೂ ನಂಬಬೇಡಿ. ಅದರಲ್ಲಿ ಬರೀ "ಐ5" ಅಂತ ದೊಡ್ಡದಾಗಿ ಇರುತ್ತದೆ, ಪೂರ್ತಿ ಸಂಖ್ಯೆ ಇರುವುದಿಲ್ಲ.

ಎಎಂಡಿ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ರೈಜನ್ 2000 ಸರಣಿಯಿಂದ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಡೆಸ್ಕ್‌ಟಾಪಿನ ರೈಜನ್ 5 2600 ಸರಿ, ಪಟ್ಟಿಯಲ್ಲಿದೆ. ಆದರೆ ಲ್ಯಾಪ್‌ಟಾಪಿನ ರೈಜನ್ 5 2500ಯು ಹೆಸರಿಗೆ 2000, ಒಳಗಿರುವುದು ಮೊದಲ ತಲೆಮಾರಿನ ವಿನ್ಯಾಸ. ಅದು ಪಟ್ಟಿಯಲ್ಲಿಲ್ಲ. ಸೆಲೆರಾನ್ ಕೂಡ ಹೀಗೇ: ಎನ್4000 ಆಗುತ್ತದೆ, ಎನ್3350 ಆಗಲ್ಲ. ಇಂಥವಕ್ಕೆ ಮೈಕ್ರೋಸಾಫ್ಟ್ ಪಟ್ಟಿಯಲ್ಲೇ ಪೂರ್ತಿ ಸಂಖ್ಯೆ ಹುಡುಕಿ ನೋಡಿ.

ನನ್ನದು 3 ಗಿಗಾಹರ್ಟ್ಸ್. 1 ಸಾಕು ಅಂತಾರೆ. ಮತ್ಯಾಕೆ ಬೇಡ ಅನ್ನುತ್ತೆ?

ಇಲ್ಲಿ ವೇಗ ಪ್ರಶ್ನೆಯೇ ಅಲ್ಲ. ವಿಂಡೋಸಿನ ಸೂಕ್ಷ್ಮ ಭಾಗಗಳನ್ನು ಉಳಿದದ್ದರಿಂದ ಬೇರ್ಪಡಿಸಿ ಕಾಯುವ ಭದ್ರತಾ ವ್ಯವಸ್ಥೆಯನ್ನು 11ರಲ್ಲಿ ಮುಖ್ಯ ಮಾಡಿಕೊಂಡಿದ್ದಾರೆ. ಹೊಸ ಪ್ರೊಸೆಸರ್‌ಗಳಲ್ಲಿ ಅದಕ್ಕೆ ಹಾರ್ಡ್‌ವೇರ್ ನೆರವು ಇದೆ, ಹಳೆಯವುಗಳಲ್ಲಿ ಅದೇ ಕೆಲಸ ನಿಧಾನ. ಭದ್ರತೆ, ಕ್ರ್ಯಾಶ್ ಆಗದಿರುವುದು, ಡ್ರೈವರ್ ಹೊಂದಾಣಿಕೆ, ಇವು ಮೈಕ್ರೋಸಾಫ್ಟ್ ಕೊಟ್ಟ ಕಾರಣಗಳು. ನಮ್ಮ ಅಭಿಪ್ರಾಯ ಕೇಳಿದರೆ, ಗೆರೆಯನ್ನು ಸ್ವಲ್ಪ ಕೆಳಗೆ ಎಳೆಯಬಹುದಿತ್ತು. ಒಳ್ಳೆಯ 7ನೇ ತಲೆಮಾರಿನ ಐ7 ಹೊರಗುಳಿದು, ಬಡಪಾಯಿ ಸೆಲೆರಾನ್ ಎನ್4000 ಒಳಗೆ ಬಂದಿರುವುದು ನ್ಯಾಯ ಅನಿಸುವುದಿಲ್ಲ. ಆದರೆ ನಿಯಮ ಹಾಗಿದೆ.

ಟಿಪಿಎಂ ಅಂದರೇನು? ನನ್ನದರಲ್ಲಿ "ಇಲ್ಲ" ಅಂತ ಬರ್ತಿದೆ.

ಗೂಢಲಿಪಿಯ ಕೀಲಿಗಳನ್ನು ಡಿಸ್ಕಿನಲ್ಲಿ ಇಡದೆ ಬೇರೆಯಾಗಿ ಕಾಪಾಡುವ ಪುಟ್ಟ ಭದ್ರತಾ ಭಾಗ ಅದು. ಕೆಲವು ಮದರ್‌ಬೋರ್ಡ್‌ಗಳಲ್ಲಿ ಪ್ರತ್ಯೇಕ ಚಿಪ್ ಆಗಿರುತ್ತದೆ. ಈಗಿನ ಹೆಚ್ಚಿನ ಮಷೀನುಗಳಲ್ಲಿ ಪ್ರೊಸೆಸರ್ ಜೊತೆಯಲ್ಲೇ ಬಂದಿರುತ್ತದೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ಪ್ರೊಸೆಸರ್ ಪಾಸಾಗಿ ಟಿಪಿಎಂ ಮಾತ್ರ ಫೇಲಾಗಿದ್ದರೆ ಗಾಬರಿ ಬೇಡ. ಬಹುತೇಕ ಅದು ಬಯಾಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೇ. ಬಯಾಸ್ ಅಂದರೆ ವಿಂಡೋಸಿಗಿಂತ ಮೊದಲೇ ಎದ್ದೇಳುವ, ಮದರ್‌ಬೋರ್ಡಿನದೇ ಸೆಟ್ಟಿಂಗ್ ವ್ಯವಸ್ಥೆ. ಬಿಡಿಭಾಗ ತಂದು ಕಟ್ಟಿಸಿದ ಡೆಸ್ಕ್‌ಟಾಪುಗಳಲ್ಲಿ ಇದು ತೀರಾ ಮಾಮೂಲಿ.

ಆನ್ ಮಾಡುವುದು ಹೀಗೆ. ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ನೀಲಿ ಪರದೆ ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್, ಹೀಗೆ ಒಳಗೆ ಹೋಗಿ. ಅದು ಕಾಣದಿದ್ದರೆ ಆನ್ ಮಾಡಿದ ಕೂಡಲೇ ಕೀ ಒತ್ತಬೇಕು: ಡೆಲ್, ಏಸರ್, ಏಸುಸ್ ಲ್ಯಾಪ್‌ಟಾಪುಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2, ಕಟ್ಟಿಸಿದ ಡೆಸ್ಕ್‌ಟಾಪಾದರೆ ಡಿಲೀಟ್ ಕೀ. ಒಳಗೆ ಹೋದ ಮೇಲೆ ಸೆಕ್ಯುರಿಟಿ ಅಥವಾ ಅಡ್ವಾನ್ಸ್ಡ್ ವಿಭಾಗದಲ್ಲಿ "ಇಂಟೆಲ್ ಪ್ಲಾಟ್‌ಫಾರ್ಮ್ ಟ್ರಸ್ಟ್ ಟೆಕ್ನಾಲಜಿ" ಅಥವಾ "ಎಎಂಡಿ ಎಫ್‌ಟಿಪಿಎಂ" ಹುಡುಕಿ, ಎನೇಬಲ್ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. "ಕ್ಲಿಯರ್ ಟಿಪಿಎಂ" ಅನ್ನುವ ಆಯ್ಕೆಯೂ ಅಲ್ಲೇ ಅಕ್ಕಪಕ್ಕ ಇರುತ್ತದೆ. ಅದನ್ನು ಮುಟ್ಟಲೇಬೇಡಿ. ಒಳಗಿರುವ ಕೀಲಿಗಳನ್ನೆಲ್ಲ ಅಳಿಸಿಬಿಡುತ್ತದೆ.

ಬಯಾಸ್‌ಗೆ ಕೈ ಹಾಕುವ ಮೊದಲು ಮುಂದೆ ಬರುವ ಬಿಟ್‌ಲಾಕರ್ ಉತ್ತರ ಓದಿಕೊಳ್ಳಿ.

ಎಸ್‌ಪಿ ರೋಡಲ್ಲಿ ಟಿಪಿಎಂ ಚಿಪ್ ಬಿಡಿಯಾಗಿ ಸಿಗುತ್ತಂತೆ. ತಂದು ಹಾಕಲಾ?

ಬೇಡ. ಲ್ಯಾಪ್‌ಟಾಪಿಗಂತೂ ಅದು ಕೂರುವುದಿಲ್ಲ. ಡೆಸ್ಕ್‌ಟಾಪಿನಲ್ಲೂ ಮದರ್‌ಬೋರ್ಡ್ ಕಂಪನಿಗೊಂದು ಥರ ಪಿನ್ ಇರುತ್ತದೆ. ಪ್ರೊಸೆಸರ್ ಪಟ್ಟಿಯಲ್ಲಿದ್ದರೆ ಟಿಪಿಎಂ ಅದರ ಜೊತೆಗೇ ಇರುತ್ತದೆ, ಕೊಳ್ಳುವ ಅಗತ್ಯ ಇಲ್ಲ. ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದಿದ್ದರೆ ಚಿಪ್ ಹಾಕಿದರೂ ಉಪಯೋಗ ಇಲ್ಲ.

ಯುಇಎಫ್‌ಐ, ಲೆಗಸಿ, ಸೆಕ್ಯೂರ್ ಬೂಟ್. ಇದೆಲ್ಲ ತಲೆಗೆ ಹೋಗ್ತಿಲ್ಲ.

ಕಂಪ್ಯೂಟರ್ ಆನ್ ಆದಾಗ ವಿಂಡೋಸನ್ನು ಎಬ್ಬಿಸುವ ವಿಧಾನ ಎರಡು. ಹಳೇದು ಲೆಗಸಿ, ಹೊಸದು ಯುಇಎಫ್‌ಐ. ಎಬ್ಬಿಸುತ್ತಿರುವುದು ಅಸಲಿ ಸಾಫ್ಟ್‌ವೇರ್ ಹೌದೋ ಅಲ್ಲವೋ ಅಂತ ಸಹಿ ನೋಡಿ ಒಳಗೆ ಬಿಡುವುದು ಸೆಕ್ಯೂರ್ ಬೂಟ್. ಅದು ಯುಇಎಫ್‌ಐ ಇದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಮಷೀನ್ ಹೊಸದಾಗಿದ್ದರೂ ಅದಕ್ಕೆ ಮೊದಲು ವಿಂಡೋಸ್ ಹಾಕಿದವರು ಲೆಗಸಿಯಲ್ಲಿ ಹಾಕಿರಬಹುದು. ಆಗ ಡಿಸ್ಕ್ ಎಂಬಿಆರ್ ಮಾದರಿಯಲ್ಲಿರುತ್ತದೆ. ಯುಇಎಫ್‌ಐಗೆ ಜಿಪಿಟಿ ಮಾದರಿ ಬೇಕು. ಇದಕ್ಕಾಗಿ ಫಾರ್ಮ್ಯಾಟ್ ಮಾಡಬೇಕಾಗಿಲ್ಲ. ವಿಂಡೋಸ್ 10ರಲ್ಲೇ "ಎಂಬಿಆರ್2ಜಿಪಿಟಿ" ಎಂಬ ಸಾಧನ ಇದೆ, ಫೈಲುಗಳನ್ನು ಹಾಗೇ ಇಟ್ಟು ಮಾದರಿ ಬದಲಾಯಿಸುತ್ತದೆ. ಆದರೂ ಬ್ಯಾಕಪ್ ಇಲ್ಲದೆ ಅದನ್ನು ನಡೆಸಬೇಡಿ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ. ನಮ್ಮೂರಲ್ಲಿ ಸಿ, ಡಿ, ಇ, ಎಫ್ ಅಂತ ಡಿಸ್ಕನ್ನು ಹೋಳು ಮಾಡಿಸುವ ರೂಢಿ ಇದೆಯಲ್ಲ, ಅಂಥ ಕಡೆ ಇದೇ ತೊಡಕು.

ಕ್ರಮ ತಪ್ಪಬಾರದು. ಮೊದಲು ಡಿಸ್ಕ್ ಬದಲಾಯಿಸಿ, ಆಮೇಲೆ ಬಯಾಸ್‌ನಲ್ಲಿ ಲೆಗಸಿಯಿಂದ ಯುಇಎಫ್‌ಐಗೆ ಬನ್ನಿ. ಉಲ್ಟಾ ಮಾಡಿದರೆ "ಬೂಟ್ ಡಿವೈಸ್ ಸಿಗಲಿಲ್ಲ" ಅಂತ ಬಂದು ನಿಲ್ಲುತ್ತದೆ. ಹಾಗಾದರೆ ಹೆದರಬೇಡಿ, ಸೆಟ್ಟಿಂಗನ್ನು ವಾಪಸ್ ಲೆಗಸಿಗೆ ತಂದರೆ ಹಳೇ ವಿಂಡೋಸ್ ಎದ್ದುಕೊಳ್ಳುತ್ತದೆ.

ಬಯಾಸ್ ಬದಲಾಯಿಸಿದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳ್ತಿದೆ. ಏನು ಮಾಡಲಿ?

ಅದು ಬಿಟ್‌ಲಾಕರ್. ಡಿಸ್ಕನ್ನು ಬೀಗ ಹಾಕಿ ಇಟ್ಟಿದೆ. ಬಯಾಸ್‌ನಲ್ಲಿ ಏನೋ ಬದಲಾಯಿತು ಅಂತ ಅನುಮಾನ ಬಂದು ರಿಕವರಿ ಕೀ ಕೇಳುತ್ತಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿದ ಕೂಡಲೇ ಇದು ತಾನಾಗಿ ಶುರುವಾಗಿರುತ್ತದೆ. ತುಂಬ ಜನಕ್ಕೆ ಅದು ಗೊತ್ತೇ ಇರುವುದಿಲ್ಲ.

ಫೋನಿನಲ್ಲಿ ಅದೇ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ನಿಮ್ಮ ಡಿವೈಸ್‌ಗಳ ಪಟ್ಟಿಯಲ್ಲಿ ರಿಕವರಿ ಕೀ ನೋಡಿ. ಪರದೆಯಲ್ಲಿರುವ ಕೀ ಐಡಿಗೆ ಹೊಂದುವುದನ್ನೇ ಹಾಕಿ. ಕಚೇರಿ ಲ್ಯಾಪ್‌ಟಾಪಾದರೆ ಕೀ ಕಂಪನಿಯ ಐಟಿ ವಿಭಾಗದ ಬಳಿ ಇರುತ್ತದೆ.

ಕೀ ಎಲ್ಲೂ ಸಿಗದಿದ್ದರೆ ಡಿಸ್ಕಿನಲ್ಲಿದ್ದದ್ದು ಹೋದಂತೆಯೇ. ನಾವೂ ತೆಗೆದುಕೊಡಲು ಆಗುವುದಿಲ್ಲ, ಬೇರೆ ಯಾರಿಂದಲೂ ಆಗುವುದಿಲ್ಲ. ಮಕ್ಕಳ ಫೋಟೋ, ಮನೆ ಪತ್ರದ ಸ್ಕ್ಯಾನ್ ಎಲ್ಲ ಅದರಲ್ಲೇ ಇತ್ತು ಅಂತ ಜನ ಕಣ್ಣೀರು ಹಾಕಿದ್ದನ್ನು ನೋಡಿದ್ದೇವೆ. ಅದಕ್ಕೇ ಬಯಾಸ್ ಮುಟ್ಟುವ ಮೊದಲು ಕೀಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ಕಾಣಿಸಿದರೆ ಅದನ್ನು "ಸಸ್ಪೆಂಡ್" ಮಾಡಿ, ಆಮೇಲೆ ಮುಂದುವರಿಯಿರಿ.

4 ಜಿಬಿ ರ‍್ಯಾಮ್ ಸಾಕಾ?

ಇನ್‌ಸ್ಟಾಲ್ ಆಗಲು ಸಾಕು, ಕೆಲಸ ಮಾಡಲು ಸಾಲದು. ಬ್ರೌಸರಿನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ಒದ್ದಾಡುತ್ತದೆ. ಮನೆ ಬಳಕೆಗೆ 8 ಜಿಬಿ ಇರಲಿ. ಮಕ್ಕಳ ಕೋಡಿಂಗ್, ವಿಡಿಯೋ ಎಡಿಟಿಂಗ್, ವರ್ಕ್ ಫ್ರಂ ಹೋಮ್ ಇದ್ದರೆ 16.

ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಅಂತ ಬರೆದಿರುತ್ತದೆ. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಹೆಚ್ಚಿಸಲು ಆಗದೇ ಇರಬಹುದು. ಡಿಡಿಆರ್3 ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ. ಲ್ಯಾಪ್‌ಟಾಪ್ ರ‍್ಯಾಮ್ ಬೇರೆ, ಡೆಸ್ಕ್‌ಟಾಪ್ ರ‍್ಯಾಮ್ ಬೇರೆ. ಅಂಗಡಿಗೆ ಹೋಗುವಾಗ ಹಳೇ ರ‍್ಯಾಮ್‌ನ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು, ಹಾಗಾಗಿ ಎರಡು ಮೂರು ಕಡೆ ವಿಚಾರಿಸಿ.

ಹಾರ್ಡ್ ಡಿಸ್ಕ್ ಇದೆ. ಎಸ್‌ಎಸ್‌ಡಿ ಹಾಕಿಸಲೇಬೇಕಾ?

ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್. ನಿಯಮದಲ್ಲಿ ಬೇಕು ಅಂತಿಲ್ಲ. ಆದರೆ ಒಂದೇ ಒಂದು ಭಾಗಕ್ಕೆ ದುಡ್ಡು ಹಾಕುವ ಶಕ್ತಿ ಇದ್ದರೆ ಇದಕ್ಕೇ ಹಾಕಿ ಅಂತ ನಾವು ಎಲ್ಲರಿಗೂ ಹೇಳುತ್ತೇವೆ. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 11 ಹಾಕಿದರೆ ಆನ್ ಮಾಡಿ ಕಾಫಿ ಕುಡಿದು ಬಂದರೂ ಡೆಸ್ಕ್‌ಟಾಪ್ ಸರಿಯಾಗಿ ತೆರೆದಿರುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಪರ್ಸೆಂಟ್ ಅಂತ ಕೆಂಪಗೆ ನಿಂತಿರುತ್ತದೆ. "ಮಷೀನ್ ಹಳೇದಾಯ್ತು, ಸ್ಲೋ" ಅಂತ ತಂದವರಲ್ಲಿ ಬಹಳ ಜನಕ್ಕೆ ಬೇಕಾಗಿದ್ದದ್ದು ಹೊಸ ಮಷೀನಲ್ಲ, ಒಂದು ಎಸ್‌ಎಸ್‌ಡಿ.

ನೋಡಿಕೊಳ್ಳಬೇಕಾದ್ದು ಇಷ್ಟು. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಳೇ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಜಾಗದಲ್ಲೇ ಕೂರುತ್ತದೆ. ಎಂ.2 ಸ್ಲಾಟ್ ಇದ್ದರೆ ಅದು ಎನ್‌ವಿಎಂಇ ಒಪ್ಪುತ್ತದೋ ಸಾಟಾ ಮಾತ್ರವೋ ಕೇಳಿ ತಿಳಿದುಕೊಳ್ಳಿ. ಎರಡೂ ನೋಡಲು ಒಂದೇ ಥರ ಇರುತ್ತವೆ. 256 ಜಿಬಿ ಇರಲಿ. 64 ಜಿಬಿ ಅನ್ನುವ ಕನಿಷ್ಠ ಲೆಕ್ಕ ಕೆಲವೇ ತಿಂಗಳ ಅಪ್‌ಡೇಟ್‌ಗಳಲ್ಲಿ ತುಂಬಿಹೋಗುತ್ತದೆ. ಹಳೇ ಡಿಸ್ಕನ್ನು ಎಸೆಯಬೇಡಿ. ಒಂದು ಯುಎಸ್‌ಬಿ ಕೇಸಿಗೆ ಹಾಕಿದರೆ ಬ್ಯಾಕಪ್ ಡಿಸ್ಕ್ ಆಗುತ್ತದೆ.

ಗ್ರಾಫಿಕ್ಸ್ ಕಾರ್ಡ್ ಬೇಕಾ?

ಬೇಡ. 8ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪಿನ ಒಳಗಿನ ಗ್ರಾಫಿಕ್ಸೇ ಸಾಕು.

ನನ್ನ ವಿಂಡೋಸ್ 32 ಬಿಟ್. ಅಪ್‌ಗ್ರೇಡ್ ಆಗುತ್ತಾ?

ನೇರವಾಗಿ ಆಗಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಪ್ರೊಸೆಸರ್ 64 ಬಿಟ್ ಆಗಿದ್ದು ಪಟ್ಟಿಯಲ್ಲಿದ್ದರೆ, ಬ್ಯಾಕಪ್ ತೆಗೆದು ಹೊಸದಾಗಿ ಹಾಕಬೇಕು. 32 ಬಿಟ್ ಪ್ರೋಗ್ರಾಂಗಳು 11ರಲ್ಲೂ ಓಡುತ್ತವೆ. ಅದಕ್ಕಿಂತ ಹಿಂದಿನ 16 ಬಿಟ್ ಕಾಲದವು ಓಡುವುದಿಲ್ಲ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಮಾಡಿದ ಹಳೇ ಫೈಲುಗಳು ಏನಾಗುತ್ತವೆ?

ಸುಲ್ತಾನ್‌ಪೇಟೆ, ಕಾಟನ್‌ಪೇಟೆ, ಚಾಮರಾಜಪೇಟೆಯ ಡಿಟಿಪಿಯವರಿಗೆ, ವಕೀಲರ ಕಚೇರಿಗಳಿಗೆ, ಶಾಲೆಗಳಿಗೆ ಇದೇ ದೊಡ್ಡ ಚಿಂತೆ. ಚಿಂತೆ ಮಾಡಬೇಕಾದ್ದೇ.

ಹಳೇ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಒಳಗೆ ಕನ್ನಡವಾಗಿ ಉಳಿದಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇರುವವರೆಗೆ ಕನ್ನಡ. ಫಾಂಟ್ ಇಲ್ಲದ ಮಷೀನಿನಲ್ಲಿ ಅದೇ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫೈಲು ಕೆಟ್ಟಿರುವುದಿಲ್ಲ, ಫಾಂಟ್ ಕಾಣೆಯಾಗಿರುತ್ತದೆ ಅಷ್ಟೇ. ವಿಂಡೋಸ್ 10ರ ಮೇಲೆಯೇ 11 ಹಾಕಿದರೆ ಫಾಂಟುಗಳು ಸಾಮಾನ್ಯವಾಗಿ ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿ ಹಾಕಿದರೆ ಹೋಗುತ್ತವೆ. ಹಾಗಾಗಿ ಮೊದಲ ಕೆಲಸ, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ, ಶ್ರೀಲಿಪಿ ಹೀಗೆ ಏನೇನಿದೆಯೋ ಎಲ್ಲವನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡುವುದು. ಇನ್‌ಸ್ಟಾಲ್ ಫೈಲುಗಳಿದ್ದರೆ ಅವನ್ನೂ ಜೊತೆಗಿಡಿ.

ಹಳೇ ನುಡಿಯ ಕೀಬೋರ್ಡ್ ಪ್ರೋಗ್ರಾಂ 11ರಲ್ಲಿ ಸುಮ್ನೆ ಕೂತುಬಿಟ್ಟರೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಕೊಟ್ಟು ನೋಡಿ. ಹೊಸದಾಗಿ ಬರೆಯುವುದನ್ನು ಮಾತ್ರ ಇನ್ನಾದರೂ ಯುನಿಕೋಡಿನಲ್ಲೇ ಬರೆಯಿರಿ ಅಂತ ಕೈಮುಗಿದು ಕೇಳುತ್ತೇವೆ. ವಿಂಡೋಸಿನಲ್ಲೇ ಕನ್ನಡ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಇದೆ, 2019ರಿಂದ ಕನ್ನಡ ಫೋನೆಟಿಕ್ ಕೂಡ ಇದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಬರುತ್ತದೆ. ಕನ್ನಡ ತೋರಿಸಲು ನಿರ್ಮಲಾ ಫಾಂಟ್ ಮೊದಲೇ ಇರುತ್ತದೆ. ತುಂಗಾ ಫಾಂಟಿನಲ್ಲಿ ಮಾಡಿದ ಫೈಲುಗಳ ಅಂದ ಕೆಟ್ಟಂತೆ ಕಂಡರೆ, ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳು ಅಂತ ಇದೆ, ಅದನ್ನು ಹಾಕಿ.

ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ ಎಂಬ ಹಳೇ ಸಾಫ್ಟ್‌ವೇರ್ ಬಳಸುವವರಿಗೆ ಬೇರೆ ಸಲಹೆ. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದಿದ್ದು 2001ರಲ್ಲಿ. 11ರಲ್ಲಿ ಅದು ಚೆನ್ನಾಗಿ ನಡೆಯುತ್ತದೆ ಅನ್ನುವ ಭರವಸೆ ಇಟ್ಟುಕೊಂಡು ಮದುವೆ ಸೀಸನ್ನಿನ ನಡುವೆ ಅಪ್‌ಗ್ರೇಡ್ ಮಾಡಬೇಡಿ. ಹಳೇ ಮಷೀನ್ ಒಂದನ್ನು ನೆಟ್ ಕಿತ್ತು, ಪೇಜ್‌ಮೇಕರಿಗೆಂದೇ ಹಾಗೇ ಇಟ್ಟುಕೊಳ್ಳಿ. ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಆಚೆ ತನ್ನಿ.

ಪ್ರಿಂಟರ್, ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್?

ಪ್ರಿಂಟರ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ಲಿಗೆ ವಿಂಡೋಸ್ 11 ಡ್ರೈವರ್ ಇದೆಯೇ ನೋಡಿ. ವಿಂಡೋಸ್ 10ರ 64 ಬಿಟ್ ಡ್ರೈವರ್ ಬಹಳ ಸಲ ಹಾಗೇ ಕೆಲಸ ಮಾಡುತ್ತದೆ. ಟೋಕನ್ನಿಗೂ ಹೊಸ ಡ್ರೈವರ್ ಇಳಿಸಿ ಇಟ್ಟುಕೊಳ್ಳಿ. ಟ್ಯಾಲಿ ಡೇಟಾ ಫೋಲ್ಡರ್ ಬ್ಯಾಕಪ್ ಮಾಡಿ, ಲೈಸೆನ್ಸ್ ವಿವರ ಬರೆದಿಡಿ. ಜಿಎಸ್‌ಟಿ ರಿಟರ್ನ್ ಕೊನೇ ದಿನದ ಹಿಂದೆ ಮುಂದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಅಪ್‌ಗ್ರೇಡಿಗೆ ದುಡ್ಡು ಕೊಡಬೇಕಾ?

ಅಸಲಿ ವಿಂಡೋಸ್ 10 ಇದ್ದರೆ ಬೇಡ, ಉಚಿತ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಬರುತ್ತದೆ. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಾಯಿಸಿದರೂ ಹೋಗುವುದಿಲ್ಲ. ವಿಂಡೋಸ್ 7, 8ರ ಹಳೇ ಕೀ ಹಾಕಿ ಉಚಿತವಾಗಿ ಪಡೆಯುವ ದಾರಿ 2023ರಲ್ಲೇ ಮುಚ್ಚಿತು. ಆ್ಯಕ್ಟಿವೇಟರ್ ಅಂತ ಪೆನ್‌ಡ್ರೈವಿನಲ್ಲಿ ಬರುವ ಪ್ರೋಗ್ರಾಂಗಳನ್ನು ದಯವಿಟ್ಟು ಹಾಕಿಸಿಕೊಳ್ಳಬೇಡಿ. ಅವನ್ನು ಓಡಿಸಲು ಆ್ಯಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ. ಒಳಗೆ ಏನು ಬಂತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಪಟ್ಟಿಯಲ್ಲಿ ಇಲ್ಲದಿದ್ದರೂ ಹಾಕಿಕೊಡ್ತೀವಿ ಅಂತ ಒಬ್ಬರು ಹೇಳಿದರು. ಹಾಕಿಸಲಾ?

ಪರೀಕ್ಷೆಯನ್ನು ತಪ್ಪಿಸಿ ಹಾಕುವ ವಿಧಾನಗಳಿವೆ, ಕೆಲಸವೂ ಮಾಡುತ್ತವೆ. ಆದರೆ ಅಂಥ ಮಷೀನಿಗೆ ಅಪ್‌ಡೇಟ್ ಕೊಡುವ ಹೊಣೆ ನಮ್ಮದಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲ ಅದೇ ಸರ್ಕಸ್. ನಿಯಮ ಇನ್ನಷ್ಟು ಬಿಗಿಯಾಗುವುದೂ ಉಂಟು. 2024ರ 24ಎಚ್2 ಆವೃತ್ತಿ ಬಂದಾಗ ಕೋರ್ 2 ಡ್ಯುಯೋ ಕಾಲದ ಪ್ರೊಸೆಸರ್‌ಗಳಲ್ಲಿ ವಿಂಡೋಸ್ ಎದ್ದೇಳುವುದೇ ನಿಂತಿತು. ಅದಕ್ಕೆ ಬೇಕಾದ ಎಸ್‌ಎಸ್‌ಇ 4.2 ಸೂಚನೆಗಳು ಆ ಚಿಪ್ಪುಗಳಲ್ಲಿ ಪೂರ್ತಿ ಇರಲಿಲ್ಲ.

ಗೊತ್ತಿದ್ದು, ಸ್ವಂತ ಪ್ರಯೋಗಕ್ಕೆ ಮಾಡುವವರು ಮಾಡಲಿ. ಅಂಗಡಿ ಲೆಕ್ಕದ ಮಷೀನಿಗೆ, ವಯಸ್ಸಾದ ಅಪ್ಪ ಅಮ್ಮ ಬಳಸುವ ಮಷೀನಿಗೆ ಬೇಡ. ನಾವು ಹಾಕಿಕೊಡುವುದಿಲ್ಲ.

ಅಪ್‌ಗ್ರೇಡ್ ಮಾಡುವ ದಿನ ಏನೇನು ಸಿದ್ಧ ಇರಬೇಕು?

ಬ್ಯಾಕಪ್. ಅದು ಬೇರೆ ಡಿಸ್ಕಿನಲ್ಲಿರಬೇಕು. ಸಿ ಡ್ರೈವಿನಿಂದ ಡಿ ಡ್ರೈವಿಗೆ ಕಾಪಿ ಮಾಡಿದರೆ ಅದು ಬ್ಯಾಕಪ್ ಅಲ್ಲ, ಎರಡೂ ಇರುವುದು ಒಂದೇ ಡಿಸ್ಕಿನ ಮೇಲೆ.

ಕರೆಂಟ್. ಬೆಸ್ಕಾಂ ಆ ದಿನ ನಿಮ್ಮ ಏರಿಯಾದಲ್ಲಿ ಪವರ್ ಕಟ್ ಅಂತ ಹೇಳಿದೆಯೇ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು ನಮಗೇನು ಹೊಸದಲ್ಲ. ಡೆಸ್ಕ್‌ಟಾಪಾದರೆ ಬೆಳಗ್ಗೆಯೇ ಶುರು ಮಾಡಿ, ಯುಪಿಎಸ್ ಇರಲಿ. ಲ್ಯಾಪ್‌ಟಾಪಾದರೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಹಾಕಿಯೇ ಇಡಿ. ಬಯಾಸ್ ಅಪ್‌ಡೇಟ್ ಮಾಡುವಾಗಂತೂ ಇದು ತಪ್ಪಲೇಬಾರದು. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಏಳದೆ ಹೋಗಬಹುದು.

ನೆಟ್. ಇಳಿಯುವ ಫೈಲು ಹಲವಾರು ಜಿಬಿ ಇರುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಳ್ಳಬೇಡಿ. ಪೆನ್‌ಡ್ರೈವಿನಿಂದ ಹಾಕುವುದಾದರೆ ಕನಿಷ್ಠ 8 ಜಿಬಿಯದು ಬೇಕು, ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಹಾಕಿದ ಮೇಲೆ ಇಷ್ಟ ಆಗದಿದ್ದರೆ?

10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ "ಗೋ ಬ್ಯಾಕ್" ಒತ್ತಿದರೆ ವಿಂಡೋಸ್ 10ಕ್ಕೆ ಮರಳಬಹುದು. ಅಷ್ಟರಲ್ಲಿ ಜಾಗ ಉಳಿಸಲೆಂದು "ವಿಂಡೋಸ್ ಓಲ್ಡ್" ಫೋಲ್ಡರ್ ಅಳಿಸಬೇಡಿ. ವಾಪಸ್ ಹೋಗಲು ಅದೇ ಬೇಕು.

ಪ್ರೊಸೆಸರ್ ಫೇಲಾಯಿತು. ಈಗ ಏನು ಮಾಡಲಿ?

ಗುಜರಿಗೆ ಹಾಕಬೇಡಿ. ಚೆನ್ನಾಗಿರುವ 6ನೇ, 7ನೇ ತಲೆಮಾರಿನ ಲ್ಯಾಪ್‌ಟಾಪುಗಳನ್ನು ಜನ ಕೆಜಿ ಲೆಕ್ಕದಲ್ಲಿ ಕೊಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ಸಮಯ ಬೇಕಿದ್ದರೆ, ವಿಂಡೋಸ್ 10ಕ್ಕೇ ವಿಸ್ತರಿಸಿದ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಮನೆ ಬಳಕೆದಾರರಿಗೆ ಘೋಷಿಸಿದ್ದು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 10ರ 22ಎಚ್2 ಆವೃತ್ತಿ ಮತ್ತು ಮೈಕ್ರೋಸಾಫ್ಟ್ ಖಾತೆ ಇರಬೇಕು. ಸೆಟ್ಟಿಂಗ್ಸ್ ಬ್ಯಾಕಪನ್ನು ಖಾತೆಗೆ ಸಿಂಕ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ. ಬೇಡವೆಂದರೆ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ, ಅಥವಾ 30 ಡಾಲರ್‌ಗೆ ಸಮನಾದ ಹಣ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸುವ ಲಿಂಕ್ ಕಾಣುತ್ತದೆ.

ಬ್ರೌಸರ್, ಯೂಟ್ಯೂಬ್, ಇಮೇಲ್, ಪತ್ರ ಟೈಪ್ ಮಾಡುವುದು, ಇಷ್ಟೇ ಕೆಲಸವಾದರೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ. ನಮಗೆ ಇಷ್ಟವಾದದ್ದು ಲಿನಕ್ಸ್ ಮಿಂಟ್. 2 ಜಿಬಿ ರ‍್ಯಾಮ್ ಕನಿಷ್ಠ, 4 ಇದ್ದರೆ ಆರಾಮ. ಟಿಪಿಎಂ ಕೇಳುವುದಿಲ್ಲ, ಪ್ರೊಸೆಸರ್ ತಲೆಮಾರೂ ಕೇಳುವುದಿಲ್ಲ. ಪೆನ್‌ಡ್ರೈವಿನಿಂದ ಓಡಿಸಿ ವೈಫೈ, ಸೌಂಡ್, ಪ್ರಿಂಟರ್ ನೋಡಿಕೊಂಡು, ಒಪ್ಪಿಗೆಯಾದರೆ ಮಾತ್ರ ಡಿಸ್ಕಿಗೆ ಹಾಕಬಹುದು. ನುಡಿ ಟೈಪಿಂಗ್ ರೂಢಿ ಇರುವವರಿಗೆ ಒಂದು ಸಂತೋಷದ ವಿಷಯ: ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಮೊದಲೇ ಇದೆ, ಕೀಬೋರ್ಡ್ ಪಟ್ಟಿಯಿಂದ ಆರಿಸಿಕೊಂಡರೆ ಸಾಕು. ಆದರೆ ಟ್ಯಾಲಿ, ಫೋಟೋಶಾಪ್ ಬೇಕಾದವರಿಗೆ ಲಿನಕ್ಸ್ ಸರಿಹೋಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನು ನೋಡಬೇಕು?

ಕಂಪನಿಗಳಿಂದ ಬಂದ ರೀಫರ್ಬಿಷ್ಡ್ ಲ್ಯಾಪ್‌ಟಾಪುಗಳು ಬೆಂಗಳೂರಿನಲ್ಲಿ ಧಾರಾಳ. ಒಳ್ಳೆಯವೂ ಇವೆ. "ವಿಂಡೋಸ್ 11 ಇದೆ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ, ಅಡ್ಡದಾರಿಯಲ್ಲಿ ಹಾಕಿರಬಹುದು. ಪ್ರೊಸೆಸರ್ ಸಂಖ್ಯೆ ನೀವೇ ಓದಿ. ಅಂಗಡಿಯಲ್ಲೇ ಬಯಾಸ್ ತೆರೆಸಿ ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಹಳೇ ಕಂಪನಿ ಹಾಕಿದ ಪಾಸ್‌ವರ್ಡ್ ಉಳಿದಿದ್ದರೆ ನಿಮಗೆ ಸೆಟ್ಟಿಂಗ್ ಬದಲಾಯಿಸಲು ಆಗುವುದಿಲ್ಲ. ಬಿಲ್ ಕೇಳಿ ಪಡೆಯಿರಿ.

ಹೊಸದು ಕೊಳ್ಳುವವರಿಗೆ "ಎಐ ಪಿಸಿ" ಬೇಕೇ ಬೇಕು ಅಂತ ಹೇಳುತ್ತಾರೆ. ವಿಂಡೋಸ್ 11ಕ್ಕೆ ಅದು ಬೇಡ. 40 ಟಾಪ್ಸ್ ವೇಗದ ಎನ್‌ಪಿಯು (ಎಐ ಕೆಲಸಕ್ಕೆಂದೇ ಇರುವ ಚಿಪ್ ಭಾಗ), 16 ಜಿಬಿ ರ‍್ಯಾಮ್ ಎಂಬ ನಿಯಮ ಕೋಪೈಲಟ್ ಪ್ಲಸ್ ಎಂಬ ಬೇರೆ ವರ್ಗದ ಮಷೀನುಗಳಿಗೆ.

ಹಳೇದನ್ನು ಕೊಡುವಾಗ ಏನು ಮಾಡಬೇಕು?

ಮೊದಲು ಡಿಸ್ಕ್ ತೆಗೆದಿಟ್ಟುಕೊಳ್ಳಿ, ಇಲ್ಲವೇ "ರೀಸೆಟ್ ದಿಸ್ ಪಿಸಿ"ಯಲ್ಲಿ ಡ್ರೈವ್ ಪೂರ್ತಿ ಸ್ವಚ್ಛ ಮಾಡುವ ಆಯ್ಕೆ ಕೊಡಿ. ಬರೀ ಡಿಲೀಟ್ ಮಾಡಿದ ಫೈಲುಗಳನ್ನು ವಾಪಸ್ ತೆಗೆಯಬಹುದು. ಓಡುವ ಮಷೀನಾದರೆ ಲಿನಕ್ಸ್ ಹಾಕಿ ಓದುವ ಮಕ್ಕಳಿಗೆ ಕೊಡಿ. ಪೂರ್ತಿ ಕೆಟ್ಟಿದ್ದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಕೊಟ್ಟಿರುವ ಇ-ತ್ಯಾಜ್ಯ ಕೇಂದ್ರಗಳಿಗೆ ಒಪ್ಪಿಸಿ. ಬ್ಯಾಟರಿ ಉಬ್ಬಿರುವ ಲ್ಯಾಪ್‌ಟಾಪಾದರೆ ಚಾರ್ಜಿಗೆ ಹಾಕಬೇಡಿ, ಬ್ಯಾಟರಿಯನ್ನು ಒತ್ತಬೇಡಿ, ಬೆಳಗ್ಗೆ ಬರುವ ಕಸದ ಆಟೋಗೂ ಹಾಕಬೇಡಿ. ಬೆಂಕಿ ಹತ್ತಿಕೊಳ್ಳುವ ಅಪಾಯ ಇದೆ. ಅದನ್ನು ನೇರವಾಗಿ ಇ-ತ್ಯಾಜ್ಯದವರ ಕೈಗೇ ಕೊಡಿ, ಬ್ಯಾಟರಿ ಉಬ್ಬಿದೆ ಅಂತ ಬಾಯಿಬಿಟ್ಟು ಹೇಳಿ.